ಪರದೆಯ ಮಹಿಮೆ

ನವೆಂಬರ್ ೩, ಸೋಮವಾರ

ಅಕ್ಟೋಬರಿನ ಬಿಲ್ಲು ಬಂತು. ಹೀಟರಿನ ಲೆಕ್ಕದಲ್ಲಿ ಸೊನ್ನೆ. ಒಂದು ಸೊನ್ನೆಯನ್ನು ಇಷ್ಟು ಹೊತ್ತು ಕಣ್ತುಂಬ ನೋಡಿದವಳು ಈ ಕಟ್ಟಡದಲ್ಲಿ ನಾನೊಬ್ಬಳೇ ಇರಬೇಕು. ಇವರಿಗೆ ತೋರಿಸಿದರೆ, "ಅಕ್ಟೋಬರಲ್ಲಿ ಯಾರು ಹೀಟರ್ ಹಾಕ್ತಾರೆ?" ಎಂದರು. ಕೆಳಗಿನ ಮನೆಯ ಮುದುಕಿ ಹಾಕುತ್ತಾಳೆ ಎಂದೆ. ಸೆಪ್ಟೆಂಬರಿನಲ್ಲೇ ಶುರು. ಹಾಕಿಕೊಂಡು ಸುಮ್ಮನಿರುತ್ತಾಳೆಯೇ, ಸೆಕೆಯೆಂದು ಕಿಟಕಿ ಬೇರೆ ತೆಗೆಯುತ್ತಾಳೆ. ಬೆಳಿಗ್ಗೆ ಕಸ ಹಾಕಲು ಹೋದಾಗ ನೋಡಿದೆ: ಮಂಜು ಕವಿದ ಬೀದಿಗೆ ಕಿಟಕಿ ಹಾರುಹೊಡೆದುಕೊಂಡು, ಅರ್ಧ ತೋಳಿನ ಅಂಗಿಯಲ್ಲಿ ನಿಂತು, ಪೇಪರು ಮಡಿಸಿ ಗಾಳಿ ಹಾಕಿಕೊಳ್ಳುತ್ತಿದ್ದಳು. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು, ಪಿಂಚಣಿ ಬರುತ್ತದೆ. ಬಂದದ್ದನ್ನೆಲ್ಲ ಬೀದಿ ಕಾಯಿಸಲು ಸುರಿಯುತ್ತಿದ್ದಾಳೆ.

ನಮಗೆ ಆ ಭಾಗ್ಯವಿಲ್ಲ. ಗಾಜಿನ ಕಾರ್ಖಾನೆಯಲ್ಲಿ ಇವರ ಪಾಳಿ ಅರ್ಧಕ್ಕಿಳಿದು ಇದು ಎರಡನೆಯ ಚಳಿಗಾಲ. ನಾನು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಊರವರ ಪ್ಯಾಂಟು ಗಿಡ್ಡ ಮಾಡಿ ತಂದದ್ದರಲ್ಲಿ ಮನೆ ನಡೆಯಬೇಕು. ಜನವರಿ ಕೊನೆಗೆ ಮಗಳಿಗೆ ನರ್ಸಿಂಗ್ ಶಾಲೆಯ ಪ್ರವೇಶ ಪರೀಕ್ಷೆ, ಅದಕ್ಕೆ ಮೊದಲು ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ಅವಳು ಒಂದು ವರ್ಷ ಮನೆಯಲ್ಲಿ, ಆಮೇಲೆ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ. ಆ ಖಾಲಿ ಕುರ್ಚಿಯ ಕಡೆ ನಾನು ನೋಡುವುದೇ ಇಲ್ಲ. ಹಾಗಾಗಿ ನಮ್ಮ ಹೀಟರಿನ ಗುಂಡಿ ಹೋದ ವರ್ಷದಿಂದ ಸೊನ್ನೆ ಬಿಟ್ಟು ಕದಲಿಲ್ಲ. ಅದರ ಮೇಲೆ ಐದರವರೆಗೆ ಅಂಕಿ ಯಾಕೆ ಬರೆದಿದ್ದಾರೋ, ಮುದುಕಿಯನ್ನೇ ಕೇಳಬೇಕು.

ನವೆಂಬರ್ ೯, ಭಾನುವಾರ

ಚಳಿ ಬಿತ್ತು. ಬೀದಿ ಬದಿಯ ನೀರು ಗಾಜಾಗಿದೆ. ನಮ್ಮ ಮನೆ ಮಾತ್ರ ಬೆಚ್ಚಗಿದೆ, ಹೀಟರ್ ಮುಟ್ಟದೆ. ಎಲ್ಲ ನನ್ನ ಪರದೆಯ ಮಹಿಮೆ. ಅಂಗಡಿಯಲ್ಲಿ ಉಳಿದ ಕೋಟಿನ ಅಸ್ತರು, ನಡುವೆ ಹಳೆಯ ಕಂಬಳಿ, ಮೇಲೊಂದು ದಪ್ಪ ಬಟ್ಟೆ. ಮೂರು ಪದರ ಸೇರಿಸಿ ಹೊಲಿದು ಎಲ್ಲ ಕಿಟಕಿಗೂ ನೆಲ ಮುಟ್ಟುವಂತೆ ಇಳಿಬಿಟ್ಟಿದ್ದೇನೆ. ಚಳಿ ಒಳಗೆ ಬರಬೇಕಾದರೆ ನನ್ನ ಅಪ್ಪಣೆ ಕೇಳಬೇಕು.

ಮಗಳು ಮೇಜು ಕುರ್ಚಿ ಬಿಟ್ಟು ನೆಲದ ಮೇಲೆ ಬೋರಲು ಮಲಗಿ ಓದುತ್ತಾಳೆ, ಅದೂ ಗಂಟಲು ಹರಿದುಕೊಂಡು. ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದಂತೆ. ಹೆಣ್ಣುಮಗಳು ಹೀಗೆ ಹಲ್ಲಿಯ ಹಾಗೆ ನೆಲಕ್ಕೆ ಅಂಟಿಕೊಂಡರೆ ಹೇಗೆ ಎಂದು ಬೈದೆ. "ನೆಲಾನೇ ಬೆಚ್ಚಗಿರೋದು ಅಮ್ಮ, ಮುಟ್ಟಿ ನೋಡು" ಎಂದಳು. ಮುಟ್ಟಿದೆ. ಹೌದು. ಪರದೆ ನೆಲದವರೆಗೆ ಇಳಿದರೆ ಬಿಸಿ ನೆಲದಲ್ಲೇ ನಿಲ್ಲುತ್ತದೆ. ಅರ್ಧ ಕಿಟಕಿಗೆ ಪರದೆ ಹಾಕುವವರನ್ನು ಕಂಡರೆ ಮರುಕವಾಗುತ್ತದೆ.

ಸಂಜೆ ಕಟ್ಟಡದ ಸಂಘದ ಕಾರ್ಯದರ್ಶಿ ಬಂದಿದ್ದರು. ಎಲ್ಲ ಮನೆಗಳ ಬಿಲ್ಲಿನ ಪಟ್ಟಿ ಅವರ ಹತ್ತಿರ ಇರುತ್ತದೆ. ಶೂ ಬಿಚ್ಚಿ ಒಳಗೆ ಬಂದವರು ಒಂದು ಗಳಿಗೆ ನಿಂತು, ಕಾಲ್ಬೆರಳು ಆಡಿಸಿ, "ಹೀಟರ್ ಹಾಕಿಲ್ಲ ಅಂತೀರಾ? ಸತ್ಯವಾಗ್ಲೂ?" ಎಂದು ಕೈಯಿಟ್ಟು ನೋಡಿದರು. ಕಬ್ಬಿಣ ಐಸಿನ ಹಾಗಿತ್ತು. ಮುಂದಿನ ಭಾನುವಾರದ ಸಭೆಯಲ್ಲಿ ನಾನು ಎರಡು ಮಾತಾಡಬೇಕಂತೆ. ನನಗೆಲ್ಲಿ ಬರುತ್ತದೆ ಮಾತು ಎಂದೆ. ಇವರು ಪಕ್ಕದ ಕೋಣೆಯಿಂದ ಕೆಮ್ಮಿದರು.

ನವೆಂಬರ್ ೧೬, ಭಾನುವಾರ

ಎರಡು ಮಾತು ಎಂದವಳು ಒಂದು ಗಂಟೆ ಮಾತಾಡಿದೆ. ಬರೆದಿಡದೆ ಮನಸ್ಸಿಗೆ ಸಮಾಧಾನವಿಲ್ಲ.

ಪರದೆಯನ್ನು ಹೊತ್ತುಕೊಂಡೇ ಹೋಗಿದ್ದೆ. ಪದರ ಪದರ ಬಿಡಿಸಿ ತೋರಿಸಿದೆ. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ಬೆಚ್ಚಗಿರುವುದು ದುಡ್ಡಿನ ಮಾತಲ್ಲ, ಶಿಸ್ತಿನ ಮಾತು ಎಂದೆ. ಈ ವಾಕ್ಯ ಮೊದಲೇ ಯೋಚಿಸಿದ್ದಲ್ಲ, ತಾನಾಗಿ ಬಂತು. ಕಾರ್ಯದರ್ಶಿ ಬರೆದುಕೊಂಡರು. ಆ ಹುರುಪಿನಲ್ಲಿ ಇನ್ನೊಂದು ಮಾತೂ ಬಂತು: "ಕೆಲವರು ಹೀಟರ್ ಐದಕ್ಕೆ ಇಟ್ಟು ಕಿಟಕಿ ತೆಗೀತಾರೆ. ಅವರು ಕಾಯಿಸ್ತಿರೋದು ಮನೇನಲ್ಲ, ಬೀದೀನ." ನಾನು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಎಲ್ಲರ ಕತ್ತೂ ಹಿಂದಿನ ಸಾಲಿನಲ್ಲಿ ಕೂತಿದ್ದ ಕೆಳಗಿನ ಮನೆಯ ಮುದುಕಿಯ ಕಡೆ ತಿರುಗಿದರೆ ಅದಕ್ಕೆ ನಾನೇನು ಮಾಡಲಿ?

ಅವಳು ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿದಳು. "ಹೀಟರ್ ಹಾಕದೇನೇ ನಿಮ್ಮನೆ ಬೆಚ್ಚಗಿರತ್ತಾ?"

"ಬೆಚ್ಚಗೇ ಇರತ್ತೆ."

"ಮಗಳಿಗೂ ಚಳಿ ಆಗಲ್ವಾ?"

"ಚಳಿ ಅಂದ್ರೆ ಏನು ಅಂತ ನನ್ನ ಮಗಳಿಗೆ ಗೊತ್ತೇ ಇಲ್ಲ."

"ಯಾರ ಹಂಗೂ ಇಲ್ದೆ?"

"ಯಾರ ಹಂಗೂ ಇಲ್ಲ. ಪರದೆಯದ್ದೊಂದು ಬಿಟ್ಟು."

ಜನ ನಕ್ಕು ಚಪ್ಪಾಳೆ ತಟ್ಟಿದರು. ಮುದುಕಿ ನಗಲಿಲ್ಲ. "ಹಾಗಾದ್ರೆ ಸರಿ" ಎಂದು ಕೈ ಇಳಿಸಿದಳು. ಸಭೆ ಮುಗಿದ ಮೇಲೆ ನಾಲ್ಕು ಮನೆಯವರು ಪರದೆಗೆ ಆರ್ಡರ್ ಕೊಟ್ಟರು, ಇಬ್ಬರು ಮುಂಗಡವನ್ನೂ. ಮಾತಿನಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವ ಇವರ ಮುಖ ನೋಡಬೇಕಿತ್ತು.

ನವೆಂಬರ್ ೨೧

ಆರ್ಡರಿನ ಮೇಲೆ ಆರ್ಡರ್. ಮಗಳ ಶುಲ್ಕದ ಕಾಲು ಭಾಗ ಪರದೆಯಲ್ಲೇ ಹುಟ್ಟಿತು. ಇವತ್ತು ಯಾರು ಬಂದರು ಗೊತ್ತೇ? ಕೆಳಗಿನ ಮನೆಯವಳು. ಮೂರು ಕಿಟಕಿಯ ಅಳತೆ ತಾನೇ ತೆಗೆದುಕೊಂಡು ಬಂದಿದ್ದಳು. "ಗುಂಡಿ ಸೊನ್ನೆಗೆ ತಿರುಗಿಸಿಬಿಟ್ಟೆ ಕಣಮ್ಮ. ನೀನು ಹೇಳಿದ್ದು ಮನಸ್ಸಿಗೆ ನಾಟ್ತು" ಎಂದಳು. ಅಂಥ ಮೊಂಡು ಹೆಂಗಸನ್ನೂ ತಿದ್ದಿದೆನಲ್ಲ ಎಂದು ನನಗೆ ನನ್ನ ಬಗ್ಗೆಯೇ ಗೌರವ ಬಂತು. ಬೆಲೆಯಲ್ಲಿ ಸ್ವಲ್ಪ ಬಿಟ್ಟೆ.

ನವೆಂಬರ್ ೨೭

ಯಾರೋ ಕಿಟಕಿ ಸರಿಯಾಗಿ ಹಾಕುತ್ತಿಲ್ಲ. ಐದಾರು ದಿನದಿಂದ ಮನೆ ಥಂಡಿ. ಇವರನ್ನು ಕೇಳಿದೆ, ಹಾಕಿದ್ದೇನೆ ಎಂದರು. ಮಗಳನ್ನು ಕೇಳಿದೆ, ಮೂಗು ಮುರಿದಳು. ಎಲ್ಲ ಕಿಟಕಿಯ ಸಂದಿಗೂ ಟೇಪು ಅಂಟಿಸಿದೆ. ಬಾಗಿಲ ಕೆಳಗೆ ಹಳೆಯ ಪ್ಯಾಂಟು ಸುತ್ತಿ ಇಟ್ಟೆ. ಇವರು ಅದಕ್ಕೆ ಎಡವಿ ಬಿದ್ದು, ಎದ್ದು, ಕಾರ್ಖಾನೆಗೆ ಹೋದರು. ಪಾಳಿ ಇಲ್ಲದ ದಿನ ಕಾರ್ಖಾನೆಗೆ ಯಾಕೆ ಹೋದಿರಿ ಎಂದರೆ, ಅಲ್ಲಿ ಕುಲುಮೆ ಇದೆ ಎಂದರು.

ಡಿಸೆಂಬರ್ ೨

ಚಳಿ. ನಾಲ್ಕನೆಯ ಪದರ ಸೇರಿಸಿದೆ. ಚಳಿ.

ಡಿಸೆಂಬರ್ ೫

ಗುಂಡಿಯನ್ನು ಒಂದಕ್ಕೆ ತಿರುಗಿಸಿದೆ. ಮಗಳಿಗೆ ಜ್ವರ ಬಂದರೆ ಔಷಧಿಗೇ ಇದಕ್ಕಿಂತ ಹೆಚ್ಚು ಬೇಕು, ಹಾಗಾಗಿ ಇದೂ ಉಳಿತಾಯವೇ. ಪರದೆ ಎಳೆದುಬಿಟ್ಟರೆ ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಮೆಟ್ಟಿಲಲ್ಲಿ ಕಾರ್ಯದರ್ಶಿ ಸಿಕ್ಕಿ, "ಹೇಗಿದೆ ನಮ್ಮ ಮಾದರಿ ಮನೆ?" ಎಂದರು. ಬೆವರುತ್ತಿದ್ದೇವೆ ಎಂದೆ.

ಡಿಸೆಂಬರ್ ೧೦

ಒಂದಕ್ಕೂ ಜಗ್ಗಲಿಲ್ಲ, ಎರಡು. ಎರಡಕ್ಕೂ ಇಲ್ಲ, ಈಗ ಮೂರು. ಮಗಳು ನೆಲ ಬಿಟ್ಟು ಹಾಸಿಗೆಯಲ್ಲಿ ರಗ್ಗು ಹೊದ್ದು ಓದಲು ಹೋಗಿ ಎರಡು ಪುಟಕ್ಕೆ ನಿದ್ದೆ ಹೋಗುತ್ತಾಳೆ. ನಿನ್ನೆಯಿಂದ ಶಾಲೆ ಮುಗಿಸಿ ನೇರ ಗ್ರಂಥಾಲಯಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ಬಾಯಿ ಬಿಡುವಂತಿಲ್ಲ. "ಬಾಯಿ ಬಿಡದೆ ಓದಿದ್ದು ತಲೇಲಿ ನಿಲ್ತಿಲ್ಲ ಅಮ್ಮ" ಎಂದು ಅಳುಮುಖ ಮಾಡಿದಳು. ಶುಲ್ಕಕ್ಕೆ ಕೂಡಿಟ್ಟದ್ದು ಬಿಲ್ಲಿಗೆ ಹೋದರೆ ಪರೀಕ್ಷೆಯೇ ಇಲ್ಲ, ಬಿಲ್ಲು ಉಳಿಸಹೋದರೆ ಪರೀಕ್ಷೆಗೆ ಓದಿಲ್ಲ. ಯಾವ ಕಡೆ ಎಳೆದರೂ ಬಟ್ಟೆ ಸಾಲುತ್ತಿಲ್ಲ.

ಡಿಸೆಂಬರ್ ೧೪, ಭಾನುವಾರ

ಕೆಳಗಿನ ಮನೆಗೆ ಪರದೆ ಹಾಕಲು ಹೋಗಿದ್ದೆ. ಬಾಗಿಲು ತೆಗೆದಾಗ ಮೊದಲು ಗುರುತೇ ಸಿಗಲಿಲ್ಲ. ಸ್ವೆಟರ್ ಮೇಲೆ ಸ್ವೆಟರ್, ತಲೆಗೆ ಶಾಲು, ಕೈಗವಸು ಹಾಕಿಕೊಂಡೇ ಚಹಾ ಲೋಟ ಹಿಡಿದಿದ್ದಳು. ಮನೆ ನೆಲಮಾಳಿಗೆಯ ಹಾಗೆ ಕೊರೆಯುತ್ತಿತ್ತು. ಕುರ್ಚಿಯ ಮೇಲೆ ನಿಂತು ಪರದೆಯ ಕೊಕ್ಕೆ ಸಿಕ್ಕಿಸುವಾಗ ಕೈ ಮೇಲಿನ ಛಾವಣಿಗೆ ತಾಗಿತು. ತಣ್ಣಗಿತ್ತು. ಅದರ ಮೇಲೇ ನಮ್ಮ ನೆಲ, ಮಗಳು ಮಲಗಿ ಓದುವ ಜಾಗ.

ಕೊಕ್ಕೆ ಕೈಯಲ್ಲೇ ಉಳಿಯಿತು. "ಏನಾಯ್ತು?" ಎಂದಳು ಅಜ್ಜಿ. ಏನಿಲ್ಲ, ದಾರ ಸಿಕ್ಕಿಕೊಂಡಿತು ಎಂದೆ.

ಬಿಸಿ ಮೇಲಕ್ಕೆ ಹೋಗುತ್ತದೆ. ಇದನ್ನು ಶಾಲೆಯಲ್ಲಿ ನಾನೂ ಓದಿದ್ದೇನೆ. ಈಗ ಓದಿದ ಹಾಗೆ ಆಯಿತು. ಅಂದರೆ ನಮ್ಮ ಮನೆ ಇಷ್ಟು ದಿನ ಬೆಚ್ಚಗಿದ್ದದ್ದು ಪರದೆಯಿಂದ ಮಾತ್ರ ಅಲ್ಲ ಎಂದಿಟ್ಟುಕೊಳ್ಳೋಣ. ಪರದೆಯ ಪಾಲು ಇದ್ದೇ ಇದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಇದನ್ನು ಈಗ ಊರಿಗೆಲ್ಲ ಸಾರುವುದರಿಂದ ಯಾರಿಗೂ ಉಪಯೋಗವಿಲ್ಲ. ಇನ್ನೂ ಐದು ಮನೆಯ ಪರದೆ ಹೊಲಿಯುವುದಿದೆ. ಆಗಬೇಕಾದದ್ದು ಒಂದೇ: ಅಜ್ಜಿಯ ಹೀಟರ್ ಮತ್ತೆ ಹೊತ್ತಿಕೊಳ್ಳಬೇಕು.

ಡಿಸೆಂಬರ್ ೧೭

ಕೆಳಗೆ ಹೋಗಿ, ಚಳಿಗಾಲದಲ್ಲಿ ಹೀಟರ್ ಪೂರ್ತಿ ಆರಿಸಿದರೆ ಒಳಗಿನ ನೀರು ಹೆಪ್ಪುಗಟ್ಟಿ ಪೈಪು ಸೀಳುತ್ತದಂತೆ ಎಂದೆ. "ನಿಂದು ಎರಡು ವರ್ಷದಿಂದ ಆರಿದೆ, ಸೀಳಿದೆಯಾ?" ಎಂದಳು ಅಜ್ಜಿ.

ಡಿಸೆಂಬರ್ ೧೯

ಗೋಡೆ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ ಎಂದೆ. ಅಜ್ಜಿ ಗೋಡೆ ಸವರಿ ತೋರಿಸಿದಳು. ಒಣಗಿ ಬೆಣಚು ಕಲ್ಲಾಗಿದೆ. ಆಮೇಲೆ ನನ್ನದೇ ಭಾಷಣವನ್ನು ನನಗೇ ಒಪ್ಪಿಸಿದಳು: "ಬೆಚ್ಚಗಿರೋದು ದುಡ್ಡಿನ ಮಾತಲ್ಲ, ಶಿಸ್ತಿನ ಮಾತು." ಒಂದು ಅಕ್ಷರ ಬಿಟ್ಟಿರಲಿಲ್ಲ. ಇಷ್ಟು ನೆನಪಿನ ಶಕ್ತಿ ಇರುವವರನ್ನು ಸಭೆಗೆ ಬಿಡಬಾರದು.

ಡಿಸೆಂಬರ್ ೨೩

ಅಜ್ಜಿ ಚಹಾ ಮಾಡಲು ಒಳಗೆ ಹೋದಾಗ ಗುಂಡಿಯನ್ನು ಮೆಲ್ಲಗೆ ಮೂರಕ್ಕೆ ತಿರುಗಿಸಿ, ಪರದೆ ಮುಚ್ಚಿ, ಏನೂ ಅರಿಯದವಳ ಹಾಗೆ ಕೂತೆ. ಕಳ್ಳತನ ಮಾಡುವವರೂ ಹೀಗೇ ಬೆವರುತ್ತಾರೋ ಏನೋ. ಸಂಜೆ ನಮ್ಮ ನೆಲಕ್ಕೆ ಕೈಯಿಟ್ಟೆ: ಒಂಚೂರು ಜೀವ ಬಂದಿತ್ತು. ಮಗಳನ್ನು ಕರೆದು ಮಲಗಿಸಿದೆ. ಅರ್ಧ ಪಾಠ ಗಟ್ಟಿಯಾಗಿ ಓದುವಷ್ಟರಲ್ಲಿ ಮತ್ತೆ ತಣ್ಣಗಾಯಿತು. ಅಜ್ಜಿ ಕಂಡುಹಿಡಿದಿರಬೇಕು.

ಡಿಸೆಂಬರ್ ೨೮, ಭಾನುವಾರ

ಮೇಲಿನ ಮನೆಗೆ ಹೊಸ ಬಾಡಿಗೆಯವರು ಬಂದರು. ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿ ಹಸಿ ಬಾಣಂತಿ. ಕಾರ್ಯದರ್ಶಿ ಮೊದಲ ದಿನವೇ ನನ್ನ ಗುಣಗಾನ ಮಾಡಿ ಕಳಿಸಿದ್ದಾರೆ. ಕನ್ನಡಕದವನು ಬಂದು ಪರದೆ ಬೇಕೆಂದ. ಬಾಡಿಗೆಗೇ ಸಂಬಳ ಹೋಗುತ್ತದೆ, ಹೀಟರಿನ ಗುಂಡಿ ಮುಟ್ಟುವುದಿಲ್ಲ ಎಂದು ಪಣ ತೊಟ್ಟಿದ್ದಾನಂತೆ. ಮಗುವಿಗೆ ಕಷ್ಟ ಆಗಬಹುದು ಎಂದೆ. "ನಿಮ್ಮ ಮಗಳಿಗೆ ಚಳಿ ಅಂದ್ರೇನು ಅಂತಾನೇ ಗೊತ್ತಿಲ್ವಂತೆ ಅಕ್ಕ?" ಎಂದ. ಅಳತೆ ತೆಗೆದುಕೊಂಡೆ.

ಜನವರಿ ೨

ಡಿಸೆಂಬರಿನ ಬಿಲ್ಲು. ನೋಡಿದ ಮೇಲೆ ಇವರಿಗೆ ತೋರಿಸಲಿಲ್ಲ. ಪರದೆಯಿಂದ ಬಂದದ್ದು ಪರದೆಯ ಹಿಂದಿನ ಹೀಟರಿಗೇ ಹೋಗುವಂತಿದೆ. ಬಿಲ್ಲು ಕಟ್ಟಲು ತಿಂಗಳ ಕೊನೆಯವರೆಗೆ ಅವಕಾಶವಿದೆ, ಶುಲ್ಕಕ್ಕೆ ಇಪ್ಪತ್ತನೆಯ ತಾರೀಖು. ಎರಡನ್ನೂ ಕಟ್ಟುವಷ್ಟಿಲ್ಲ. ಅಳು ಬಂತು, ಬರೆಯುವುದಕ್ಕೇನು ನಾಚಿಕೆ.

ಜನವರಿ ೬

ಮೇಲೆ ಮಗು ಅಳುತ್ತದೆ. ಕೆಳಗೆ ಅಜ್ಜಿ ಕೆಮ್ಮುತ್ತಾಳೆ. ನಡುವೆ ನಾನು ಪರದೆ ಹೊಲಿಯುತ್ತೇನೆ.

ಜನವರಿ ೯

ಅಜ್ಜಿಯ ಕೆಮ್ಮು ಮೂರು ದಿನದಿಂದ ನಿಂತಿಲ್ಲ. ಬೆಳಿಗ್ಗೆ ಸದ್ದೇ ಇರಲಿಲ್ಲ, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅಂಗಡಿಗೆ ಹೋಗುವುದನ್ನು ಬಿಟ್ಟು ಕೆಳಗೆ ಓಡಿದೆ. ಹಾಸಿಗೆಯಲ್ಲಿ ಕೂತಿದ್ದಳು, ತುಟಿ ನೀಲಿ. ಡಾಕ್ಟರನ್ನು ಕರೆಸಿದೆ. ಎದೆಯಲ್ಲಿ ಕಫ ಕಟ್ಟಿದೆ, ಮನೆ ಬೆಚ್ಚಗಿಡಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದರು. ಡಾಕ್ಟರು ಹೋದ ಮೇಲೆ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಅಡ್ಡ ಕೂತೆ. ಮುಟ್ಟಿದರೆ ನೋಡಿ ಎಂದೆ. ಮುಟ್ಟಲಿಲ್ಲ. ಮಧ್ಯಾಹ್ನದವರೆಗೂ ಅಲ್ಲೇ ಕೂತು ಕನ್ನಡಕದವನ ಪರದೆಗೆ ಅಂಚು ಕಟ್ಟಿದೆ.

ಅಂಗಡಿಯವನು ಅರ್ಧ ದಿನದ ಕೂಲಿ ಹಿಡಿದ. ನಮ್ಮ ನೆಲ ಇವತ್ತು ಬೆಚ್ಚಗಿತ್ತು ಎಂದು ಮಗಳು ಹೇಳಿದಳು. ನನಗೆ ನೋಡಲು ನೆನಪಾಗಿರಲಿಲ್ಲ.

ಜನವರಿ ೧೧, ಭಾನುವಾರ

ಇವತ್ತು ಅಜ್ಜಿಗೆ ಹೇಳಿಯೇಬಿಟ್ಟೆ. ಎಲ್ಲ ಅಲ್ಲ, ಮುಖ್ಯವಾದದ್ದು. ನಮ್ಮ ಮನೆ ಬೆಚ್ಚಗಿದ್ದದ್ದು ನಿಮ್ಮ ಹೀಟರಿನಿಂದ, ನೀವು ಆರಿಸಿದ ದಿನದಿಂದ ನಮ್ಮನೆಯಲ್ಲಿ ಹಲ್ಲು ಕಟಕಟಿಸುತ್ತಿದ್ದೇವೆ ಎಂದೆ. ಬೈಯುತ್ತಾರೆ ಎಂದು ಕಾದೆ.

ಅಜ್ಜಿ ಬಿಸಿನೀರು ಕುಡಿದು ಲೋಟ ಕೆಳಗಿಟ್ಟರು. "ಗೊತ್ತಲ್ಲ."

"ಗೊತ್ತಾ? ಯಾವಾಗಿಂದ?"

"ಹೋದ ಚಳಿಗಾಲದಿಂದ. ಒಂದಿನ ಮೈಕೈ ನೋವು ಅಂತ ಗುಂಡಿ ಜಾಸ್ತಿ ತಿರುಗಿಸಿದ್ದೆ. ಸಂಜೆ ತಲೆ ಮೇಲೆ ನಿನ್ನ ಮಗಳ ಧ್ವನಿ ಶುರುವಾಯ್ತು. ಹೃದಯದಲ್ಲಿ ನಾಲ್ಕು ಕೋಣೆ ಅಂತ. ಮಾರನೇ ದಿನ ಕಡಿಮೆ ಮಾಡಿದೆ, ಧ್ವನಿ ಇಲ್ಲ. ಮತ್ತೆ ಜಾಸ್ತಿ ಮಾಡಿದೆ, ಮತ್ತೆ ಬಂತು. ಅರ್ಥ ಆಯ್ತು, ಗುಂಡಿ ತಿರುಗಿಸಿದ್ರೆ ಮಾತಾಡೋ ರೇಡಿಯೋ ಇದು ಅಂತ."

ನಾನು ತಲೆಯೆತ್ತಿ ಛಾವಣಿ ನೋಡಿದೆ.

"ಟಿಕೆಟ್ ಕಿಟಕೀಲಿ ಕೂತಾಗ ದಿನವಿಡೀ ಮನುಷ್ಯರ ಧ್ವನಿ. ಮನೆಗೆ ಬಂದ ಮೇಲೆ ಯಾರಿದ್ದಾರೆ? ನನಗೊಬ್ಬಳಿಗೆ ಎರಡು ಸಾಕು ಕಣಮ್ಮ. ಆದ್ರೆ ಎರಡಕ್ಕೆ ಇಟ್ರೆ ನಿನ್ನ ಮಗಳು ಮಂಚಕ್ಕೆ ಹೋಗ್ತಾಳೆ. ಐದಕ್ಕೆ ಇಟ್ರೆ ನೆಲಕ್ಕೆ ಬರ್ತಾಳೆ. ಐದಕ್ಕೆ ನನಗೆ ಬೆವರು. ಅದಕ್ಕೇ ಕಿಟಕಿ."

ಬೀದಿ ಕಾಯಿಸುತ್ತಾರೆ ಎಂದು ಸಭೆಯಲ್ಲಿ ಹೇಳಿದವಳು ನಾನು. ಮುಖ ಎತ್ತಲಾಗಲಿಲ್ಲ. ಮತ್ತೆ ಯಾಕೆ ಆರಿಸಿದಿರಿ ಎಂದು ಕೇಳಿದೆ.

"ಕೇಳಿದ್ನಲ್ಲ ನಿನ್ನನ್ನೇ, ಎಲ್ಲರ ಎದುರು. ಮಗಳಿಗೆ ಚಳಿ ಆಗಲ್ವಾ ಅಂತ. ಯಾರ ಹಂಗೂ ಇಲ್ಲ ಅಂದೆ. ಬೇಡದವರಿಗೆ ಕೊಡೋದು ಹೇಗೆ?" ಸ್ವಲ್ಪ ಹೊತ್ತು ಕೆಮ್ಮಿ, "ಅಂದ ಹಾಗೆ, ರಕ್ತ ಹೃದಯದ ಬಲಗಡೆಗೆ ಬಂದು ಶ್ವಾಸಕೋಶಕ್ಕೆ ಹೋಗತ್ತೆ. ನಿನ್ನ ಮಗಳು ಪ್ರತಿ ಸಲ ಎಡ ಅಂತಾಳೆ. ಇಲ್ಲಿಂದ ಕೂಗಿ ಹೇಳೋಣ ಅನ್ಸತ್ತೆ. ಪರೀಕ್ಷೇಲಿ ಹಾಗೇ ಬರೆದ್ರೆ ಗತಿಯೇನು?"

ಮಗಳನ್ನು ಕೂಗಿ ಕರೆದೆ. ಪುಸ್ತಕ ತೆಗೆದುಕೊಂಡು ಬಾ ಎಂದೆ.

ಜನವರಿ ೧೫

ಒಪ್ಪಂದ ಹೀಗಾಗಿದೆ. ಅಜ್ಜಿಯ ಗುಂಡಿ ಎರಡು, ನಮ್ಮದು ಎರಡು. ಎರಡೂ ಬಿಲ್ಲು ಕೂಡಿಸಿ ಸಮಪಾಲು. ಐದನ್ನು ಒಬ್ಬರೇ ಉರಿಸುವುದಕ್ಕಿಂತ ಇದು ಕಡಿಮೆ ಎಂದು ಅಜ್ಜಿ, ಮೂರನ್ನು ಉರಿಸಿಯೂ ನಡುಗುವುದಕ್ಕಿಂತ ಇದು ಕಡಿಮೆ ಎಂದು ನಾನು. ಇಬ್ಬರೂ ಲಾಭದಲ್ಲಿದ್ದೇವೆ. ನನ್ನದು ಶುದ್ಧ ವ್ಯವಹಾರ. ಮಗಳು ಸಂಜೆ ಅಜ್ಜಿಯ ಮನೆಯಲ್ಲೇ ಓದುತ್ತಾಳೆ, ಅಜ್ಜಿ ಪ್ರಶ್ನೆ ಕೇಳುತ್ತಾರೆ, ತಪ್ಪು ಹೇಳಿದರೆ ಟಿಕೆಟ್ ಇಲ್ಲ ಮುಂದಿನವರು ಬನ್ನಿ ಎನ್ನುತ್ತಾರೆ. ಇವರೂ ಪಾಳಿ ಇಲ್ಲದ ದಿನ ಕುಲುಮೆ ಬಿಟ್ಟು ಅಲ್ಲಿ ಹೋಗಿ ಕೂರುತ್ತಾರೆ. ಹೊಲಿಗೆ ಯಂತ್ರವನ್ನೂ ಅಲ್ಲಿಗೇ ಇಳಿಸಿದೆ, ಅಜ್ಜಿಯ ಮನೆಯಲ್ಲಿ ಬೆಳಕು ಚೆನ್ನಾಗಿದೆ.

ಜನವರಿ ೧೯

ಶುಲ್ಕ ಕಟ್ಟಿದೆವು. ರಸೀತಿ ಮಗಳ ಕೈಯಲ್ಲಿ. ಡಿಸೆಂಬರಿನ ಬಿಲ್ಲನ್ನು ಕಂತಿನಲ್ಲಿ ಕಟ್ಟಲು ಕಂಪನಿಯವರು ಒಪ್ಪಿದ್ದಾರೆ. ಅಂಗಡಿಗೆ ಹೋದಾಗ ಪಕ್ಕದ ಖಾಲಿ ಕುರ್ಚಿಯ ಮೇಲೆ ಬಟ್ಟೆಯ ಗಂಟು ಹೇರಿದೆ.

ಫೆಬ್ರುವರಿ ೧೨

ಮಗಳಿಗೆ ಸೀಟು ಸಿಕ್ಕಿತು. ಹೃದಯದ ಪ್ರಶ್ನೆ ಬಂದಿತ್ತಂತೆ. ತಾನೂ ಪಾಸಾದೆ ಎಂದು ಅಜ್ಜಿ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ.

ಪರೀಕ್ಷೆ ಮುಗಿಯಿತು, ಹಗಲೆಲ್ಲ ನಾವು ಕೆಳಗೇ ಇರುತ್ತೇವೆ, ನಮ್ಮ ಮನೆಯಲ್ಲಿ ಇನ್ನು ಯಾಕೆ ಉರಿಸಬೇಕು ಎಂದು ಬೆಳಿಗ್ಗೆ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಮಧ್ಯಾಹ್ನ ಬಟ್ಟೆ ತರಲು ಮೇಲೆ ಬಂದರೆ ಛಾವಣಿಯಾಚೆ ಮಗು ಅಳುತ್ತಿತ್ತು. ಹಸಿವಿನ ಅಳು ಬೇರೆ, ಇದು ಬೇರೆ. 'ನಮ್ಮ ಮನೆ ಖಾಲಿ ಬಿಟ್ಟರೆ ಗೋಡೆ ತೇವ ಹಿಡಿಯುತ್ತದೆ' ಎಂದು ಹೊಳೆಯಿತು. ಎರಡಕ್ಕೆ ತಿರುಗಿಸಿದೆ. ಹಳೆಯ ಕಟ್ಟಡ, ಎರಡು ಸಾಲದೇನೋ ಎಂದು ಮೂರಕ್ಕೆ.

ಫೆಬ್ರುವರಿ ೨೨, ಭಾನುವಾರ

ಅಜ್ಜಿಯೂ ನಾನೂ ಮೆಟ್ಟಿಲಲ್ಲಿ ನಿಂತಿದ್ದೆವು. ಕನ್ನಡಕದವನು ಮಗುವನ್ನು ಎತ್ತಿಕೊಂಡು ಇಳಿದು ಬಂದ. ಮುಖದಲ್ಲಿ ಗೆಲುವು ತುಳುಕುತ್ತಿತ್ತು.

"ಅಕ್ಕ, ಈ ತಿಂಗಳೂ ಹೀಟರ್ ಸೊನ್ನೆ! ಮಗು ಕಾಲುಚೀಲ ಒದ್ದು ಒದ್ದು ಬೀಳಿಸ್ತಿದೆ. ಮನೆ ಹಾಗೆ ಕಾದಿದೆ."

ಒಳ್ಳೆಯದಾಯಿತು ಎಂದೆ.

"ನಿಮ್ಮ ಪರದೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಬರೀ ಪರದೆಯಿಂದ ಆಗಲ್ಲ ಅಕ್ಕ. ಅದನ್ನ ಎಳೆಯೋಕೆ ಒಂದು ಹೊತ್ತು ಗೊತ್ತು ಅಂತಿದೆ. ನಾನು ಹುಡುಕಿಟ್ಟಿದ್ದೀನಿ." ಆಮೇಲೆ ದನಿ ಇಳಿಸಿ, "ತಪ್ಪು ತಿಳ್ಕೋಬೇಡಿ. ನಿಮ್ಮನೆ ಬಿಲ್ಲು ಮೇಲಕ್ಕೆ ಹೋಗಿದೆ ಅಂತ ಕಾರ್ಯದರ್ಶಿ ಬೇಜಾರು ಮಾಡ್ಕೊಂಡಿದ್ರು. ಹೇಳಿಕೊಟ್ಟವರೇ ಹೀಗಾದ್ರೆ ಹೇಗೆ ಅಂತ. ಒಂದ್ಸಲ ಬಂದು ತೋರಿಸ್ಲಾ?"

ಅಜ್ಜಿ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದರು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮಗುವಿನ ಬರಿಗಾಲು ಅವನ ತೋಳಿನಿಂದ ನೇತಾಡುತ್ತಿತ್ತು.

"ಬನ್ನಿ" ಎಂದೆ.

ಬಂದ. ಮಗುವನ್ನು ನನ್ನ ಕೈಗೆ ಕೊಟ್ಟು, ನಾನೇ ಹೊಲಿದ ಪರದೆಯನ್ನು ಹೇಗೆ ಎಳೆಯಬೇಕು, ಅಂಚನ್ನು ಹೇಗೆ ಒತ್ತಬೇಕು ಎಂದು ನನಗೆ ಕಲಿಸಿದ. ನಾನು ತಲೆಯಾಡಿಸಿದೆ. ಮಗುವಿನ ಅಂಗಾಲು ನನ್ನ ಅಂಗೈಯಲ್ಲಿತ್ತು, ಬೆಚ್ಚಗಿತ್ತು. ಕೊನೆಗೆ ಅವನು ಹೀಟರಿನ ಗುಂಡಿಯನ್ನು ಮೂರರಿಂದ ಸೊನ್ನೆಗೆ ತಿರುಗಿಸಿ, ಕೈ ಕೊಡವಿ, "ಇಷ್ಟೇ ಅಕ್ಕ. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಬೇಕು" ಎಂದ.

ಅವನು ಮೇಲೆ ಹತ್ತಿ ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಗುಂಡಿಯನ್ನು ಮತ್ತೆ ಮೂರಕ್ಕಿಟ್ಟೆ. ನಾಳೆ ಸಂಜೆ ಇನ್ನೊಮ್ಮೆ ಬಂದು ನೋಡುತ್ತಾನಂತೆ. ಅವನು ಬರುವ ಹೊತ್ತಿಗೆ ಅದನ್ನು ಸೊನ್ನೆಗೆ ತಿರುಗಿಸಿಡಲು ಮರೆಯಬಾರದು.